ಆಮೆಮರಿಯ ಪೆಟ್ಟಿಗೆ: ನೀರು ಮೂಲೆಗೆ ಸುರಿಯಿರಿ

ಅಮೆರಿಕದಲ್ಲಿ ಸಲ್ಕಾಟಾ (ಆಫ್ರಿಕಾದ ಸಹಾರಾ ಅಂಚಿನ ದೊಡ್ಡ ನೆಲದಾಮೆ) ಮರಿಯನ್ನು ಮನೆಯೊಳಗೆ ಸಾಕುತ್ತಿರುವವರು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಸಿನ ಮೇಲೆ ಪದೇಪದೇ ನೀರು ಚಿಮುಕಿಸುವುದನ್ನು ಬಿಟ್ಟು, ಉಗುರುಬೆಚ್ಚಗಿನ ನೀರನ್ನು ಪೆಟ್ಟಿಗೆಯ ನಾಲ್ಕು ಮೂಲೆಗಳಲ್ಲಿ ನಿಧಾನವಾಗಿ ಸುರಿಯಿರಿ. ನೀರು ತಳಕ್ಕಿಳಿದು, ಅಲ್ಲಿಂದ ಆವಿಯಾಗುತ್ತಾ ಒಳಗಿನ ಗಾಳಿಯನ್ನು ತೇವವಾಗಿಡುತ್ತದೆ. ಮರಿ ಓಡಾಡುವ ಮೇಲ್ಪದರ ಒಣಗಿರುವುದರಿಂದ ಹೊಟ್ಟೆಯ ಚಿಪ್ಪು ಕೊಳೆಯುವುದಿಲ್ಲ. ಒಣಗಾಳಿಯಲ್ಲಿ ಬೆಳೆದ ಮರಿಯ ಬೆನ್ನಚಿಪ್ಪು ಗುಡ್ಡಗುಡ್ಡವಾಗಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ‘ಮರುಭೂಮಿ ಅಂಚಿನ ಪ್ರಾಣಿ, ಒಣಗಿದ್ದರೇ ಒಳ್ಳೆಯದು’ ಎಂಬ ಮಾತನ್ನು ಮರಿಗಳ ವಿಷಯದಲ್ಲಂತೂ ನಂಬಬೇಡಿ. (ಭಾರತದಲ್ಲಿರುವವರು ಇದನ್ನು ಓದಿ ನಕ್ಷತ್ರ ಆಮೆ ತರಲು ಹೊರಡಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.) ಹಾಸು ತೆಳುವಾಗಿದ್ದರೆ ಈ ಉಪಾಯ ನಡೆಯದು, ನಾಲ್ಕು ಬೆರಳಿನಷ್ಟಾದರೂ ದಪ್ಪವಿರಲಿ. ಬರೀ ಜಾಲರಿ ಮುಚ್ಚಳವಿದ್ದರೂ ಅಷ್ಟೇ, ಬಿಸಿಗಾಗಿ ಹಾಕಿದ ದೀಪದ ಶಾಖಕ್ಕೆ ತೇವವೆಲ್ಲ ಹೊರಗೆ ಹೋಗುತ್ತದೆ. ರಾತ್ರಿಯಲ್ಲೂ 27 ಡಿಗ್ರಿ ಸೆಲ್ಸಿಯಸ್ ಬಿಸಿ ಉಳಿಸಿಕೊಳ್ಳಲಾಗದ ಪೆಟ್ಟಿಗೆಗೆ ಇದನ್ನು ಮಾಡಲೇಬೇಡಿ. ಚಳಿ ಮತ್ತು ತೇವ ಸೇರಿದರೆ ಮರಿಯ ಮೂಗು ಸೋರುತ್ತದೆ, ಮುಂದೆ ಶ್ವಾಸಕೋಶಕ್ಕೇ ಸೋಂಕು ತಗಲುತ್ತದೆ. ಅಳತೆ ಸುಲಭ: ತಳದಿಂದ ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕಬೇಕು, ಧಾರೆಯಾಗಿ ಇಳಿದರೆ ಎರಡು ದಿನ ನೀರು ನಿಲ್ಲಿಸಿ.