ರೀಮಿಕ್ಸ್ ಬರುವ ಮುನ್ನ ಹಳೆಯ ಸಿ.ಡಿ. ಜೋಪಾನ: ಮರುಬಿಡುಗಡೆಯನ್ನು ಕೊಳ್ಳುವ, ಕೇಳುವ ಕ್ರಮ

ಬ್ಲ್ಯಾಕ್ ಸಬ್ಬತ್ ಎಂಬ ಹೆವಿ ಮೆಟಲ್ ತಂಡ ಎಂದರೆ ಹೆಚ್ಚಿನವರಿಗೆ ಗಾಯಕ ಆಝಿ ಆಸ್ಬೋರ್ನ್, ಇನ್ನು ಕೆಲವರಿಗೆ ರಾನಿ ಜೇಮ್ಸ್ ಡಿಯೋ. ಇವರಿಬ್ಬರ ನೆರಳಿನಲ್ಲಿ ಟೋನಿ ಮಾರ್ಟಿನ್ ಹಾಡಿದ ಆಲ್ಬಮ್‌ಗಳು ಮರೆಯಾಗಿಹೋದವು. ಐ.ಆರ್.ಎಸ್. ಲೇಬಲ್‌ನಲ್ಲಿ ಬಂದ 'ಹೆಡ್‌ಲೆಸ್ ಕ್ರಾಸ್' (1989), 'ಟೀರ್' (1990), 'ಕ್ರಾಸ್ ಪರ್ಪಸಸ್' (1994), 'ಫರ್ಬಿಡನ್' (1995) ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2024ರ ಮೇ 31ರಂದು ಈ ನಾಲ್ಕೂ 'ಆನೋ ಡಾಮಿನಿ 1989–1995' ಎಂಬ ಪೆಟ್ಟಿಗೆಯಾಗಿ ಬಂದವು. ಮೊದಲ ಮೂರನ್ನು ರೀಮಾಸ್ಟರ್ ಮಾಡಲಾಗಿದೆ. 'ಫರ್ಬಿಡನ್' ಒಂದನ್ನು ಮಾತ್ರ ಗಿಟಾರ್ ವಾದಕ ಟೋನಿ ಅಯೋಮಿ ಹೊಸದಾಗಿ ರೀಮಿಕ್ಸ್ ಮಾಡಿದ್ದಾರೆ.

ಇಂಥ ಮರುಬಿಡುಗಡೆಗೆ ಕಾಯುತ್ತಿರುವವರು ಮೊದಲು ಮಾಡಬೇಕಾದ ಕೆಲಸ ಹೊಸದನ್ನು ಬುಕ್ ಮಾಡುವುದಲ್ಲ, ಹಳೆಯದನ್ನು ಉಳಿಸಿಕೊಳ್ಳುವುದು.

ರೀಮಾಸ್ಟರ್ ಎಂದರೆ ಆಗಲೇ ಕುದಿದ ಸಾರಿಗೆ ಉಪ್ಪು ಖಾರ ಸರಿಮಾಡುವುದು. ಎಡ ಬಲ ಎರಡೇ ಚಾನೆಲ್‌ಗೆ ಇಳಿದ ಧ್ವನಿಯನ್ನು ಒಟ್ಟಾಗಿಯೇ ತಿದ್ದಬೇಕು, ಡ್ರಮ್ಸ್ ಒಂದನ್ನೇ ಎತ್ತಲು ಬರುವುದಿಲ್ಲ. ರೀಮಿಕ್ಸ್ ಹಾಗಲ್ಲ. ಬೇಳೆ, ತರಕಾರಿ, ಮಸಾಲೆ ಬೇರೆಬೇರೆಯಾಗಿ ಮುಂದಿಟ್ಟುಕೊಂಡು ಸಾರನ್ನೇ ಮತ್ತೆ ಮಾಡುವುದು. ಡ್ರಮ್ಸ್, ಬೇಸ್, ಗಿಟಾರ್, ಕಂಠ ಪ್ರತ್ಯೇಕವಾಗಿರುವ ಮಲ್ಟಿಟ್ರ್ಯಾಕ್ ಟೇಪ್ ಅದಕ್ಕೆ ಬೇಕು. ಹೀಗಾಗಿ ರೀಮಿಕ್ಸ್ ಆದದ್ದು ಹಳೆಯದರ ಸ್ವಚ್ಛ ಪ್ರತಿಯಲ್ಲ, ಇನ್ನೊಂದು ರೆಕಾರ್ಡ್ ಎಂದೇ ಎಣಿಸಬೇಕು. ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಗುವುದು ಇಲ್ಲಿ ಮಾತಿಗಷ್ಟೇ ಅಲ್ಲ. ಸ್ಟ್ರೀಮಿಂಗ್‌ನಲ್ಲಿ ಹೊಸ ಆವೃತ್ತಿ ಬಂದಾಗ ಎಷ್ಟೋ ಸಲ ಹಳೆಯ ಮಿಕ್ಸ್ ಸಿಗುವುದೇ ನಿಂತುಹೋಗುತ್ತದೆ.

ಹಳೆಯ ಸಿ.ಡಿ. ಪರೀಕ್ಷೆ, ತೊಳೆಯುವುದು, ರಿಪ್

ಸೆಕೆಂಡ್ ಹ್ಯಾಂಡ್ ಸಿ.ಡಿ. ಕೊಳ್ಳುವಾಗ ಹೊಳೆಯುವ ಬದಿಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನಡುವಿನ ರಂಧ್ರದ ಸುತ್ತಲಿನ ಉಂಗುರ ನೋಡಿ. ಅಲ್ಲಿ ಡಿಸ್ಕ್ ಯಾವ ಅಚ್ಚಿನದು ಎಂದು ಗುರುತಿಸುವ ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತದೆ. 'ಐ.ಎಫ್.ಪಿ.ಐ.' ಎಂಬ ಸಣ್ಣ ಅಕ್ಷರಗಳ ಕೋಡ್ ಕೂಡ ಇದ್ದರೆ ಅದು 1994 ಅಥವಾ ಆಮೇಲಿನ ಪ್ರೆಸ್ಸಿಂಗ್, ಏಕೆಂದರೆ ಆ ಕೋಡ್ ಬಳಕೆಗೆ ಬಂದದ್ದೇ ಆಗ. ಆದ್ದರಿಂದ ಆ ಕೋಡ್ ಇರುವ 'ಹೆಡ್‌ಲೆಸ್ ಕ್ರಾಸ್' ಅನ್ನು '1989ರ ಮೊದಲ ಮುದ್ರಣ' ಎಂದು ಮಾರುತ್ತಿದ್ದರೆ ಆ ಬೆಲೆ ಕೊಡಬೇಡಿ. ಹೊಳೆಯುವ ಬದಿ ಹಸಿರು ಅಥವಾ ನೇರಳೆ ಛಾಯೆಯಲ್ಲಿದ್ದರೆ ಅದು ಮನೆಯಲ್ಲಿ ಬರೆದ ಡಿಸ್ಕ್ ಇರಬಹುದು. ಆಮೇಲೆ ಬೆಳಕಿನೆದುರು ಎತ್ತಿ ಹಿಡಿಯಿರಿ: ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಬಹಳ ಕಂಡರೆ ಒಳಗಿನ ಅಲ್ಯೂಮಿನಿಯಂ ಪದರ ಕೊರೆದುಹೋಗಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ.

ಗೀರುಗಳಲ್ಲಿ ಎಲ್ಲವೂ ಒಂದೇ ಅಲ್ಲ. ನಡುವಿನಿಂದ ಅಂಚಿಗೆ ನೇರ ಎಳೆದ ಗೀರು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ದತ್ತಾಂಶದ ಸಾಲು ಸುರುಳಿಯಾಗಿ ಸುತ್ತುವುದರಿಂದ ಅಂಥ ಗೀರು ಪ್ರತಿ ಸುತ್ತಿನಲ್ಲೂ ಒಂದು ಕ್ಷಣ ಮಾತ್ರ ಅಡ್ಡ ಬರುತ್ತದೆ, ಸಿ.ಡಿ.ಯ ದೋಷ ತಿದ್ದುವ ವ್ಯವಸ್ಥೆ ಅದನ್ನು ತುಂಬಿಕೊಳ್ಳುತ್ತದೆ. ಸಾಲಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್‌ವರೆಗಿನ ನಷ್ಟವನ್ನು ಅದು ಪೂರ್ತಿ ಸರಿಪಡಿಸಬಲ್ಲದು. ಸುತ್ತಿನ ಗುಂಟ ಬಿದ್ದ ಗೀರು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಡಿಸ್ಕನ್ನು ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಿ, ತಟ್ಟೆ ತಿಕ್ಕಿದ ಹಾಗೆ ಸುತ್ತಿಸಬೇಡಿ ಎನ್ನುವುದು ಇದಕ್ಕೇ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ತಣ್ಣೀರು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಸಾಕು.

ರಿಪ್ ಮಾಡಲು, ಅಂದರೆ ಸಿ.ಡಿ.ಯ ಹಾಡುಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಲು, ವಿಂಡೋಸ್‌ನಲ್ಲಿ 'ಎಕ್ಸಾಕ್ಟ್ ಆಡಿಯೋ ಕಾಪಿ', ಮ್ಯಾಕ್‌ನಲ್ಲಿ 'ಎಕ್ಸ್‌ಎಲ್‌ಡಿ' ಬಳಸಿ. ವಿಂಡೋಸ್‌ನಲ್ಲಾದರೆ ಡ್ರೈವ್ ಆಯ್ಕೆಗಳಲ್ಲಿ 'ಸೆಕ್ಯೂರ್' ಮೋಡ್ ಆರಿಸಿ, 'ಅಕ್ಯುರೇಟ್‌ರಿಪ್' (ನಿಮ್ಮ ರಿಪ್ ಅನ್ನು ಬೇರೆಯವರದರೊಂದಿಗೆ ತಾಳೆ ನೋಡುವ ಸೌಲಭ್ಯ) ಚಾಲೂ ಇಟ್ಟು, ಮೊದಲ ಸಲ ಯಾವುದಾದರೂ ಜನಪ್ರಿಯ ಸಿ.ಡಿ. ಹಾಕಿ ಡ್ರೈವ್ ಆಫ್‌ಸೆಟ್ (ಡ್ರೈವ್ ಓದಲು ಶುರುಮಾಡುವ ಜಾಗದ ಸಣ್ಣ ವ್ಯತ್ಯಾಸ) ಹೊಂದಿಸಿಕೊಳ್ಳಿ. 'ಟೆಸ್ಟ್ ಅಂಡ್ ಕಾಪಿ' ಕೊಟ್ಟರೆ ಪ್ರತಿ ಹಾಡನ್ನೂ ಎರಡು ಬಾರಿ ಓದುತ್ತದೆ. ಲಾಗ್‌ನಲ್ಲಿ ಎರಡೂ ಓದಿನ 'ಸಿ.ಆರ್.ಸಿ.' (ತಾಳೆ ನೋಡುವ) ಸಂಖ್ಯೆಗಳು ಒಂದೇ ಆಗಿರಬೇಕು. ಬೇರೆಯಾದರೆ ಡಿಸ್ಕ್ ಮತ್ತೆ ತೊಳೆದು, ಓದುವ ವೇಗ ಇಳಿಸಿ, ಆ ಹಾಡೊಂದನ್ನೇ ಮತ್ತೆ ತೆಗೆಯಿರಿ. ಉಳಿಸುವುದು ಧ್ವನಿ ಏನೂ ಕಳೆಯದ ಫ್ಲ್ಯಾಕ್ ಫೈಲ್‌ನಲ್ಲೇ ಇರಲಿ. ಫೈಲ್ ಕುಗ್ಗಿಸುವ ಲೆವೆಲ್ 5 ಇರಲಿ, 8 ಇರಲಿ, ಧ್ವನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಫೈಲ್ ಗಾತ್ರ ಮಾತ್ರ ತುಸು ಬದಲಾಗುತ್ತದೆ. ಮೆಟಲ್ ಆಲ್ಬಮ್ ಒಂದಕ್ಕೆ 300 ಎಂ.ಬಿ. ಆಸುಪಾಸು ಜಾಗ ಬೇಕು.

ಪ್ರಕಟಣೆ ಓದುವಾಗ

'ರೀಮಿಕ್ಸ್' ಎಂಬ ಪದ ಇಡೀ ಪೆಟ್ಟಿಗೆಗೋ, ಒಂದೇ ಆಲ್ಬಮ್‌ಗೋ ನೋಡಿಕೊಳ್ಳಿ. ಯಾವ ಆಲ್ಬಮ್ ಬಿಟ್ಟುಹೋಗಿದೆ ಅನ್ನುವುದನ್ನೂ ಗಮನಿಸಿ. ಮಾರ್ಟಿನ್ ಹಾಡಿದ ಮೊದಲ ಆಲ್ಬಮ್ 'ದಿ ಎಟರ್ನಲ್ ಐಡಲ್' (1987) ಈ ಪೆಟ್ಟಿಗೆಯಲ್ಲಿಲ್ಲ, ಅದನ್ನು ಬೇರೆಯೇ ಹುಡುಕಬೇಕು. ಸಿ.ಡಿ., ಎಲ್.ಪಿ. ಎರಡರಲ್ಲೂ ನಾಲ್ಕು ನಾಲ್ಕು ಡಿಸ್ಕ್‌ಗಳಿದ್ದರೂ 'ಕ್ಲೋಕ್ ಅಂಡ್ ಡ್ಯಾಗರ್', 'ವಾಟ್ಸ್ ದ ಯೂಸ್', 'ಲೂಸರ್ ಗೆಟ್ಸ್ ಇಟ್ ಆಲ್' ಎಂಬ ಮೂರು ಹೆಚ್ಚುವರಿ ಹಾಡುಗಳಿರುವುದು ಸಿ.ಡಿ.ಯಲ್ಲಿ ಮಾತ್ರ. ಕೊನೆಯ ಎರಡು ಹಿಂದೆ ಜಪಾನಿನ ಆವೃತ್ತಿಗಷ್ಟೇ ಮೀಸಲಾಗಿದ್ದವು. ಒಂದನ್ನೇ ಕೊಳ್ಳುವುದಾದರೆ ನಮ್ಮ ಓಟು ಸಿ.ಡಿ.ಗೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ: ಏನನ್ನಾದರೂ ಮತ್ತೆ ಧ್ವನಿಮುದ್ರಿಸಿದ್ದಾರೆಯೇ? 2002ರಲ್ಲಿ ಆಝಿಯ ಮೊದಲ ಎರಡು ಸೋಲೋ ಆಲ್ಬಮ್‌ಗಳ ಬೇಸ್, ಡ್ರಮ್ಸ್ ಅಳಿಸಿ ರಾಬರ್ಟ್ ಟ್ರುಹಿಯೋ, ಮೈಕ್ ಬಾರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಸೇರಿಸಿದರು. ಮೂಲ ವಾದನ ಮತ್ತೆ ಸಿಕ್ಕಿದ್ದು 2011ರ ಮರುಬಿಡುಗಡೆಯಲ್ಲಿ. ಮೆಗಾಡೆತ್ ತಂಡದ 'ರಸ್ಟ್ ಇನ್ ಪೀಸ್' 2004ರಲ್ಲಿ ರೀಮಿಕ್ಸ್ ಆದಾಗ ಕಂಠದ ಕೆಲ ಟ್ರ್ಯಾಕ್‌ಗಳು ಕಾಣೆಯಾಗಿದ್ದರಿಂದ ಗಾಯಕ ಡೇವ್ ಮಸ್ಟೇನ್ ಆ ಭಾಗಗಳನ್ನು ಮತ್ತೆ ಹಾಡಬೇಕಾಯಿತು. ಹಳೆಯ ಸಿ.ಡಿ. ಮಾರಿಕೊಂಡಿದ್ದವರು ಪರದಾಡಿದ್ದು ಇಂಥ ಹೊತ್ತಿನಲ್ಲೇ.

ಪೆಟ್ಟಿಗೆ ವಿದೇಶದಿಂದ ಬರುವುದಾದರೆ ಸಾಗಣೆ, ಸುಂಕ, ತೆರಿಗೆ ಸೇರಿದ ಕೊನೆಯ ಮೊತ್ತ ಕೇಳಿ ತಿಳಿದ ಮೇಲೆಯೇ ಹಣ ಕಟ್ಟಿ. ಬಿಚ್ಚುವಾಗ ಸೀಲ್ ಒಡೆಯುವ ಮೊದಲಿನಿಂದ ಕೊನೆವರೆಗೂ ನಿಲ್ಲಿಸದೆ ವಿಡಿಯೋ ಮಾಡಿ, ಎಲ್ಲ ಡಿಸ್ಕ್‌ಗಳನ್ನೂ ವಾಪಸಾತಿ ಅವಧಿಯೊಳಗೇ ಪೂರ್ತಿ ಕೇಳಿ. ಎಲ್.ಪಿ. ತೊಳೆಯಲು ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿ ಉಳಿಯುವ ಬಿಳಿ ಪುಡಿ ಗ್ರೂವ್‌ನಲ್ಲಿ ಕೂತು ಚಟಪಟ ಎನ್ನುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಇಡದಿದ್ದರೆ ಬುಕ್‌ಲೆಟ್‌ಗೆ ಬೂಸ್ಟು ಖಂಡಿತ.

ಒಂದೇ ತಕ್ಕಡಿಯಲ್ಲಿ ತೂಗುವುದು

ಎರಡು ಮಿಕ್ಸ್ ಹೋಲಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಡೆಸಿಬೆಲ್‌ನಷ್ಟು ಜೋರಾಗಿದ್ದರೂ ಕಿವಿ ಅದನ್ನು 'ಜೋರು' ಎನ್ನುವುದಿಲ್ಲ, 'ಚೆನ್ನಾಗಿದೆ' ಎನ್ನುತ್ತದೆ. ಹೊಸ ಸಿ.ಡಿ.ಗಳು ಹಳೆಯವಕ್ಕಿಂತ ಹಲವು ಡೆಸಿಬೆಲ್ ಜೋರಾಗಿರುವುದು ಸಾಮಾನ್ಯ. ಹಾಗೇ ಕೇಳಿದರೆ ಹೊಸದು ಗೆದ್ದಂತೆಯೇ.

ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಎರಡೂ ಫೈಲ್ ತೆರೆದು, ಹಾಡಿನ ಒಂದೇ ಭಾಗದ 30 ಸೆಕೆಂಡ್ ಎರಡರಲ್ಲೂ ಕತ್ತರಿಸಿಕೊಳ್ಳಿ. ಪ್ರತಿಯೊಂದಕ್ಕೂ 'ಲೌಡ್‌ನೆಸ್ ನಾರ್ಮಲೈಸೇಶನ್' ಎಫೆಕ್ಟನ್ನು ಮೈನಸ್ 23 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಕೊಡಿ. ಎಡ ಬಲ ಚಾನೆಲ್‌ಗಳನ್ನು ಪ್ರತ್ಯೇಕವಾಗಿ ಸರಿಮಾಡುವ ಆಯ್ಕೆಗೆ ಟಿಕ್ ಹಾಕಬೇಡಿ, ಹಾಕಿದರೆ ಮಿಕ್ಸ್‌ನ ಸಮತೋಲವೇ ಕೆಡುತ್ತದೆ. ಬರೀ 'ನಾರ್ಮಲೈಸ್' ಎಂಬ ಇನ್ನೊಂದು ಎಫೆಕ್ಟ್ ಇದೆ, ಅದು ಈ ಕೆಲಸಕ್ಕೆ ಬಾರದು. ಅದು ಅಲೆಯ ತುದಿಯನ್ನಷ್ಟೇ ಸಮ ಮಾಡುತ್ತದೆ, ಕಿವಿಗೆ ಕೇಳುವ ಜೋರನ್ನಲ್ಲ. ವ್ಯೂ ಮೆನುವಿನಲ್ಲಿ 'ಶೋ ಕ್ಲಿಪ್ಪಿಂಗ್' (ಅಲೆಯ ತುದಿ ಕತ್ತರಿಸಿಹೋದ ಜಾಗಕ್ಕೆ ಕೆಂಪು ಗೆರೆ ಹಾಕುವ ಆಯ್ಕೆ) ಆರಿಸುವುದಿದ್ದರೆ ನಾರ್ಮಲೈಸ್ ಮಾಡುವ ಮೊದಲೇ ನೋಡಿಬಿಡಿ. ಜೋರು ಇಳಿಸಿದ ಮೇಲೆ ಕೆಂಪು ಗೆರೆ ಮಾಯವಾಗುತ್ತದೆ, ಹಾನಿ ಒಳಗೇ ಉಳಿದಿರುತ್ತದೆ.

ಈಗ ಮಿಕ್ಸ್‌ನ ಒಳಗೆ ಇಣುಕುವ ಒಂದು ಉಪಾಯ. ಸ್ಟೀರಿಯೋ ಟ್ರ್ಯಾಕ್‌ನ ಮೆನುವಿನಲ್ಲಿ 'ಸ್ಪ್ಲಿಟ್ ಸ್ಟೀರಿಯೋ ಟು ಮೋನೋ' ಒತ್ತಿ, ಕೆಳಗಿನ ಟ್ರ್ಯಾಕ್ ಮಾತ್ರ ಆರಿಸಿ 'ಇನ್ವರ್ಟ್' (ಅಲೆಯನ್ನು ತಲೆಕೆಳಗು ಮಾಡುವ ಎಫೆಕ್ಟ್) ಕೊಟ್ಟು, ಎರಡನ್ನೂ ಒಟ್ಟಿಗೆ ನುಡಿಸಿ. ಎಡದಿಂದ ಬಲ ಕಳೆದಂತಾಗಿ, ನಟ್ಟನಡುವೆ ಇದ್ದದ್ದೆಲ್ಲ ಮಾಯ: ಕಿಕ್ ಡ್ರಮ್, ಸ್ನೇರ್‌ನ ಮೂಲ ಪೆಟ್ಟು, ಬೇಸ್, ಮುಖ್ಯ ಕಂಠ. ಉಳಿಯುವುದು ಬದಿಗಳಲ್ಲಿದ್ದ ಗಿಟಾರ್, ಟಾಮ್, ಸಿಂಬಲ್ ಮತ್ತು ರಿವರ್ಬ್ ಎಂಬ ಪ್ರತಿಧ್ವನಿ. ಸ್ನೇರ್‌ನ ಪೆಟ್ಟು ಹೋಗಿ ಅದರ ಪ್ರತಿಧ್ವನಿ ಮಾತ್ರ ಖಾಲಿ ಕೋಣೆಯ ಉಸಿರಿನಂತೆ 'ಹ್ಹ್' ಎಂದು ಕೇಳಿಸುತ್ತದೆ. 1995ರದ್ದು, 2024ರದ್ದು ಎರಡನ್ನೂ ಹೀಗೆ ಕೇಳಿದರೆ ಡ್ರಮ್ಸ್‌ಗೆ ಕೊಟ್ಟ ಕೋಣೆ ಹಿಗ್ಗಿದೆಯೋ ಕುಗ್ಗಿದೆಯೋ, ಗಿಟಾರ್ ಎಷ್ಟು ಅಗಲಕ್ಕೆ ಹೋಗಿದೆಯೋ ತಾನಾಗಿಯೇ ತಿಳಿಯುತ್ತದೆ. ಇದಕ್ಕೆ ಫ್ಲ್ಯಾಕ್ ಬೇಕೇ ಬೇಕು. ಎಂಪಿ3 ಬದಿಗಳ ವಿವರವನ್ನೇ ಮೊದಲು ಕಡಿತ ಮಾಡುವುದರಿಂದ ಗುಳುಗುಳು ಸದ್ದು ಬರುತ್ತದೆ, ಅದನ್ನೇ ಮಿಕ್ಸ್‌ನ ದೋಷ ಎಂದುಕೊಂಡುಬಿಡುತ್ತೀರಿ.

ಹಳೆಯ ಫೈಲನ್ನು 'ಇನ್ವರ್ಟ್' ಮಾಡಿ ಹೊಸದರ ಮೇಲಿಟ್ಟು 'ಎರಡೂ ಅಳಿಸಿಕೊಳ್ಳಲಿಲ್ಲ, ಹಾಗಾಗಿ ಇದು ರೀಮಿಕ್ಸ್' ಎಂದು ತೀರ್ಮಾನಿಸುವುದು ತಪ್ಪು. ಅದೇ ಮಿಕ್ಸ್‌ನ ಟೇಪನ್ನು ಇನ್ನೊಮ್ಮೆ ಓಡಿಸಿ ತೆಗೆದರೂ ವೇಗದ ಅತಿಸಣ್ಣ ಏರಿಳಿತದಿಂದ ಅಲೆಗಳು ಹೊಂದುವುದಿಲ್ಲ. ಹಾಡು ಮುಗಿಯುವ ಫೇಡ್ ಎಲ್ಲಿ ಶುರುವಾಗುತ್ತದೆ, ರಿವರ್ಬ್ ಎಷ್ಟು ಹೊತ್ತು ಉಳಿಯುತ್ತದೆ, ಸೋಲೋ ಯಾವ ಬದಿಯಲ್ಲಿದೆ ಎಂಬುದೇ ನಂಬಬಹುದಾದ ಗುರುತು. ಡೈನಾಮಿಕ್ ರೇಂಜ್ (ಮೆಲ್ಲಗಿನ, ಜೋರಿನ ಭಾಗಗಳ ಅಂತರ) ಅಳೆಯುವ ಮೀಟರ್‌ನ ಅಂಕಿಯನ್ನು ಎಲ್.ಪಿ. ರಿಪ್‌ಗೆ ಹಚ್ಚಬೇಡಿ. ಒಂದೇ ಮಾಸ್ಟರ್‌ನಿಂದ ಕತ್ತರಿಸಿದ್ದರೂ ಎಲ್.ಪಿ. ಹೆಚ್ಚಿನ ಅಂಕಿ ತೋರಿಸುತ್ತದೆ.

ಪೆಟ್ಟಿಗೆಯ ಉಳಿದ ಮೂರು ಆಲ್ಬಮ್‌ಗಳ ರೀಮಾಸ್ಟರ್ ವ್ಯತ್ಯಾಸ ನಿಜವೋ ಭ್ರಮೆಯೋ ತಿಳಿಯಲು ಫೂಬಾರ್2000 ಎಂಬ ಪ್ಲೇಯರ್‌ನಲ್ಲಿ ಎಬಿಎಕ್ಸ್ ಪರೀಕ್ಷೆ (ಹೆಸರು ತೋರಿಸದೆ ಕೇಳಿಸಿದ್ದು ಎರಡರಲ್ಲಿ ಯಾವುದು ಎಂದು ಗುರುತಿಸುವುದು) ಮಾಡಿ. 16 ಸುತ್ತಿನಲ್ಲಿ 12 ಅಥವಾ ಹೆಚ್ಚು ಸರಿಯಾದರೆ, ಅದು ಬರೀ ಊಹೆಯಿಂದ ಬರುವ ಸಾಧ್ಯತೆ ಶೇ. 4ಕ್ಕೂ ಕಡಿಮೆ. ರೀಮಿಕ್ಸ್‌ಗೆ ಈ ಪರೀಕ್ಷೆ ಬೇಕಿಲ್ಲ, ವ್ಯತ್ಯಾಸ ಯಾರಿಗಾದರೂ ಕೇಳಿಸುತ್ತದೆ. ಅಲ್ಲಿ ಪ್ರಶ್ನೆ ಯಾವುದು ಹಾಡಿಗೆ ಒಪ್ಪುತ್ತದೆ ಎನ್ನುವುದು.

'ಫರ್ಬಿಡನ್' ಕೇಳುವ ಕ್ರಮ

1995ರಲ್ಲಿ ಇದನ್ನು ನಿರ್ಮಿಸಿದ್ದು ಬಾಡಿ ಕೌಂಟ್ ತಂಡದ ಅರ್ನಿ ಸಿ. ಗಿಟಾರ್ ಧ್ವನಿ ತಮಗೆ ಎಂದೂ ಒಪ್ಪಿಗೆಯಾಗಿರಲಿಲ್ಲ, ಡ್ರಮ್ಸ್ ಧ್ವನಿ ಅದನ್ನು ನುಡಿಸಿದ ಕೋಝಿ ಪವೆಲ್‌ಗೂ ಹಿಡಿಸಿರಲಿಲ್ಲ ಎಂದು ಅಯೋಮಿ ಹೇಳಿಕೊಂಡಿದ್ದಾರೆ. ಪವೆಲ್ 1998ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಸಲ್ಲಬೇಕಾಗಿದ್ದ ಡ್ರಮ್ಸ್ ಈಗಲಾದರೂ ಸಿಕ್ಕಿದೆಯೇ ಎಂದು ಕೇಳುವುದರಿಂದಲೇ ಶುರುಮಾಡಿ.

ಮೊದಲಿಗೆ 'ರಸ್ಟಿ ಏಂಜಲ್ಸ್'. ಕಿಕ್‌ನ ತೂಕ 60ರಿಂದ 100 ಹರ್ಟ್ಝ್‌ನಲ್ಲಿ, ಅದರ 'ಟಕ್' ಎನ್ನುವ ಅಂಚು 2ರಿಂದ 5 ಕಿಲೋಹರ್ಟ್ಝ್‌ನಲ್ಲಿ ಇರುತ್ತದೆ. ಮೊಬೈಲ್ ಸ್ಪೀಕರ್‌ನಲ್ಲಿ ತೂಕ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ. ಆಮೇಲೆ 'ಕಿಸ್ ಆಫ್ ಡೆತ್': ಮೆಲ್ಲಗಿನ ಭಾಗದಿಂದ ಭಾರದ ರಿಫ್‌ಗೆ ತಿರುಗುವಾಗ ಜಿಗಿತ ಉಳಿದಿದೆಯೋ, ಎಲ್ಲವೂ ಒಂದೇ ಮಟ್ಟಕ್ಕೆ ಚಪ್ಪಟೆಯಾಗಿದೆಯೋ ನೋಡಿ. 'ದಿ ಇಲ್ಯೂಷನ್ ಆಫ್ ಪವರ್' ಅನ್ನು ರ‍್ಯಾಪ್ ಗಾಯಕ ಐಸ್-ಟಿಯ ಮಾತಿನ ಕಾರಣಕ್ಕೆ ಎಷ್ಟೋ ಜನ ಅರ್ಧಕ್ಕೇ ನಿಲ್ಲಿಸಿ, ಇಡೀ ಆಲ್ಬಮ್ ಬದಿಗಿಟ್ಟರು. ಅದನ್ನು ಕೊನೆಗೆ ಕೇಳಿ. ನೀಲ್ ಮರ್ರಿಯ ಬೇಸ್ ಪ್ರತಿ ಸ್ವರಕ್ಕೂ ಬೇರೆಯಾಗಿ ಕೇಳಿಸುತ್ತದೆಯೋ, ಗಿಟಾರ್‌ನೊಳಗೆ ಕರಗಿದೆಯೋ ಎಂಬುದಕ್ಕೆ ಗಮನ ಕೊಡಿ. ಒಂದು ಕೂತಿಗೆ ಮೂರು ಹಾಡು ಸಾಕು. ಅದಕ್ಕಿಂತ ಹೆಚ್ಚಾದರೆ ಕಿವಿ ದಣಿಯುತ್ತದೆ.

ಫೈಲ್‌ಗಳನ್ನು ಜೋಡಿಸಿಡುವಾಗ ಆಲ್ಬಮ್ ಹೆಸರಿನ ಟ್ಯಾಗ್‌ನಲ್ಲೇ 'ಫರ್ಬಿಡನ್ – 1995 ಮಿಕ್ಸ್', 'ಫರ್ಬಿಡನ್ – 2024 ಮಿಕ್ಸ್' ಎಂದು ಬರೆಯಿರಿ. ಹೆಸರು ಒಂದೇ ಇದ್ದರೆ ಹಲವು ಪ್ಲೇಯರ್‌ಗಳು ಎರಡನ್ನೂ ಬೆರೆಸಿ, ಪ್ರತಿ ಹಾಡನ್ನೂ ಎರಡೆರಡು ಬಾರಿ ತೋರಿಸುತ್ತವೆ. ನಕಲು ಎಂದುಕೊಂಡು ಅಳಿಸಿಬಿಡುವುದು ಆಗಲೇ.