ತಿಥಿ ಪುಸ್ತಕ ಇಟ್ಟುಕೊಂಡು ದೇಣಿಗೆ ಎತ್ತಿದ್ದು

"ಸತ್ತೋರ ಲೆಕ್ಕ ಇಟ್ಕೊಂಡು ದುಡ್ಡು ಕೇಳ್ತೀಯೇನಪ್ಪಾ?"

ನಮ್ಮ ಟ್ರಸ್ಟಿನ ಖಜಾಂಚಿ ಹೀಗೆ ಕೇಳಿದ್ದು 2021ರ ನವೆಂಬರಿನಲ್ಲಿ. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಮೀಟಿಂಗಿನಲ್ಲಿ ಉಳಿದವರು ನಕ್ಕರು. ನಾನೂ ಸುಮ್ನೆ ನಕ್ಕೆ. ಈಗ ಅದೇ ಪುಸ್ತಕದಲ್ಲಿ, ಅಂದರೆ ದಾನಿಗಳ ಮನೆಯ ತಿಥಿಗಳನ್ನು ನಾನು ಬರೆದಿಟ್ಟುಕೊಳ್ಳುವ ನೋಟ್‌ಬುಕ್ಕಿನಲ್ಲಿ, 230 ಚಿಲ್ಲರೆ ದಿನಗಳಿವೆ. ವರ್ಷಕ್ಕೆ ಹತ್ತು ಲಕ್ಷದ ಮೇಲೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದೇಣಿಗೆ ಎತ್ತುವ ಈ ಲೈನಿಗೆ ಬಂದದ್ದು 2012ರಲ್ಲಿ, ಬೆಂಗಳೂರಿನಲ್ಲಿ ಟೆಲಿಕಾಲರ್ ಆಗಿ. ಸಂಬಳ 11 ಸಾವಿರ. ಆಮೇಲೆ ಮಾಲ್‌ಗಳಲ್ಲಿ ಟೀಶರ್ಟ್ ಹಾಕಿಕೊಂಡು ನಿಂತು ತಿಂಗಳು ತಿಂಗಳ ದೇಣಿಗೆಯ ಫಾರಂ ತುಂಬಿಸುವ ಕೆಲಸ. ಟಾರ್ಗೆಟ್ ಮುಟ್ಟುತ್ತಿದ್ದೆ, ಟೀಮ್ ಲೀಡರ್ ಕೂಡ ಆದೆ. ಆದರೆ ನಾನು ಸೇರಿಸಿದ ಹತ್ತು ಜನರಲ್ಲಿ ವರ್ಷ ತುಂಬುವಷ್ಟರಲ್ಲಿ ನಾಲ್ಕು ಜನ ಉಳಿದರೆ ಹೆಚ್ಚು. ಮಿಕ್ಕವರು ಬ್ಯಾಂಕಿಗೆ ಹೇಳಿ ನಿಲ್ಲಿಸಿಬಿಟ್ಟಿರುತ್ತಿದ್ದರು. 2019ರಲ್ಲಿ ಮೈಸೂರಿಗೆ ಬಂದೆ, ಈ ಟ್ರಸ್ಟ್ ನಡೆಸುವ ಹಳ್ಳಿ ಮಕ್ಕಳ ಉಚಿತ ಹಾಸ್ಟೆಲಿಗೆ. 60 ಮಕ್ಕಳು. ನನ್ನ ಸಂಬಳ 24ರಿಂದ 18 ಸಾವಿರಕ್ಕೆ ಇಳಿಯಿತು. ಒಬ್ಬ ಟ್ರಸ್ಟಿ "ತಂದದ್ದರಲ್ಲಿ ನೂರಕ್ಕೆ ಹತ್ತು ಕಮಿಷನ್ ತಗೋ" ಎಂದರು. ಬೇಡ ಎಂದೆ. ಕಮಿಷನ್ ಇದೆ ಅಂತ ಗೊತ್ತಾದ ದಿನ ದಾನಿ ಫೋನ್ ಎತ್ತುವುದಿಲ್ಲ. ನಮ್ಮ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಮೊದಲ ಎರಡು ವರ್ಷ ಎಲ್ಲದರಲ್ಲೂ ಕೈಸುಟ್ಟುಕೊಂಡೆ. ಒಂದು ಸುಗಮ ಸಂಗೀತ ಸಂಜೆ ಮಾಡಿದೆವು. ಹಾಲ್ ಬಾಡಿಗೆ, ಮೈಕು, ಕಲಾವಿದರ ಸಂಭಾವನೆ, ತಿಂಡಿ ಸೇರಿ ಎರಡು ಲಕ್ಷ ದಾಟಿತು. ಟಿಕೆಟ್ಟಿನಿಂದ ಬಂದದ್ದು ಒಂದೂವರೆ. ಕಂಪನಿಗಳ ಸಮಾಜಸೇವೆಯ ದುಡ್ಡಿಗೆ, ಅಂದರೆ ಸಿಎಸ್ಆರ್‌ಗೆ, ಒಂಬತ್ತು ಪ್ರಪೋಸಲ್ ಬರೆದೆ. ಒಂದು ಕಂಪನಿ ನೀರಿನ ಫಿಲ್ಟರ್ ಕೊಟ್ಟಿತು. ಅದರ ಮೇಲಿನ ಲೋಗೋ ಎಷ್ಟು ದೊಡ್ಡದಿರಬೇಕು ಅಂತ ಹದಿನೈದು ಮೇಲ್ ಓಡಾಡಿದವು. ಊಟಕ್ಕೆ ದುಡ್ಡು? "ಅದು ನಮ್ಮ ಫೋಕಸ್ ಅಲ್ಲ" ಎಂದರು.

2021ರ ಅಕ್ಟೋಬರ್ 1ಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಟ್ ಆಗುತ್ತಿದ್ದ ದುಡ್ಡಿಗೆ ಹೊಸದಾಗಿ ಒಪ್ಪಿಗೆ ಕೊಡಬೇಕಾಯಿತು. ನಮಗೆ 140 ಜನ ಹಾಗೆ ಕೊಡುತ್ತಿದ್ದರು. ಆ ತಿಂಗಳು ಬಂದದ್ದು 30 ಜನರದ್ದು. ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಸರಸ್ವತಿಪುರಂನ ಒಬ್ಬ ಅಜ್ಜಿ ಹೇಳಿದರು: "ಆ ಓಟಿಪಿ ಎಲ್ಲ ನನಗಾಗಲ್ಲಪ್ಪ. ಪ್ರತೀ ಸಲ ಮಗನ್ನ ಕೇಳ್ಬೇಕು. ನಮ್ಮನೆಯವರ ತಿಥಿ ಮಾಘದಲ್ಲಿ ಬರುತ್ತೆ. ಅವತ್ತು ಮಕ್ಕಳಿಗೆ ಊಟ ಹಾಕ್ಸು, ಒಟ್ಟಿಗೇ ಕೊಟ್ಬಿಡ್ತೀನಿ."

ಅಲ್ಲಿಂದ ಶುರು. ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್ ತಂದು ಗೆರೆ ಎಳೆದೆ. ಹೆಸರು, ಯಾರ ನೆನಪಿಗೆ, ಮಾಸ, ಪಕ್ಷ, ತಿಥಿ, ಚಾಂದ್ರಮಾನವೋ ಸೌರಮಾನವೋ, ಯಾವ ಪಂಚಾಂಗ. ಕೊನೆಯ ಕಾಲಂ: ಹೋದವರಿಗೆ ಏನು ಇಷ್ಟವಿತ್ತು. ಬೆಂಗಳೂರಿನಲ್ಲಿ ನಾವು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಹುಟ್ಟುಹಬ್ಬ ಹಾಕಬಹುದಿತ್ತು, ಮಾಘ ಬಹುಳ ಪಂಚಮಿ ಹಾಕಲು ಜಾಗವಿರಲಿಲ್ಲ. ಅದು ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ. ದೇವಸ್ಥಾನದ ಅರ್ಚಕರೊಬ್ಬರ ಹತ್ತಿರ ಒಂಟಿಕೊಪ್ಪಲ್ ಪಂಚಾಂಗ ಹಿಡಿದುಕೊಂಡು ಕೂತು ಕಲಿತೆ. ಶ್ರಾದ್ಧಕ್ಕೆ ಬೆಳಗಿನ ತಿಥಿಯಲ್ಲ, ಅಪರಾಹ್ಣದ ತಿಥಿ ನೋಡಬೇಕು. ಮಾಧ್ವರಿಗೆ ಮಠದ ಪಂಚಾಂಗ, ಏಕಾದಶಿಗೆ ಬಿದ್ದರೆ ದ್ವಾದಶಿಗೆ ಹೋಗುತ್ತದೆ. ಲಿಂಗಾಯತ ಮನೆಗಳಲ್ಲಿ ಹೆಚ್ಚಿನವರು ಪುಣ್ಯಸ್ಮರಣೆಗೆ ಇಂಗ್ಲಿಷ್ ತಾರೀಖನ್ನೇ ಕೊಡುತ್ತಾರೆ. ಅದು ಸಲೀಸು. ರಂಜಾನಿನಲ್ಲಿ ಕೊಡುವ ಮೂರು ಮನೆಗಳಿವೆ. ಅವರ ಪುಟ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ.

ಒಂದು ದಿನದ ಊಟಕ್ಕೆ ಆಗ 3,600 ಇಟ್ಟಿದ್ದೆ. ಈಗ 4,500. ಆರು ದಿನ ಮುಂಚೆ ಫೋನ್ ಮಾಡುತ್ತೇನೆ. ದುಡ್ಡಿನ ಮಾತೇ ಎತ್ತುವುದಿಲ್ಲ. "ಅಮ್ಮಾ, ಗುರುವಾರ ನಿಮ್ಮ ಯಜಮಾನ್ರ ತಿಥಿ ಬರ್ತಿದೆ. ಹೆಸರುಬೇಳೆ ಪಾಯಸ ಅಂದಿದ್ರಿ. ಅದನ್ನೇ ಮಾಡಿಸ್ಲಾ?" ಅಷ್ಟೇ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಏಲಕ್ಕಿ ಜಾಸ್ತಿ ಹಾಕ್ಸಪ್ಪ" ಅನ್ನುತ್ತಾರೆ. ರಾಹುಕಾಲದಲ್ಲಿ ಫೋನ್ ಮಾಡುವುದಿಲ್ಲ. ನನಗೆ ನಂಬಿಕೆ ಇಲ್ಲ, ಅವರಿಗಿದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ನಾನು ರಸೀದಿ ಬರೆಯುವ ಹೊತ್ತು. ಮೊದಲ ಸಲ ಆ ದಿನವನ್ನು ಅವರ ಬಾಯಿಂದ ಹೇಗೆ ಹೊರಡಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ಎಡವಿದ್ದೂ ಇದೆ. 2022ರ ಮಹಾಲಯ ಅಮಾವಾಸ್ಯೆಗೆ ಆರು ಮನೆಯವರು ಕೇಳಿದರು. ದುರಾಸೆ, ಆರೂ ಒಪ್ಪಿಕೊಂಡೆ. ಊಟದ ಮನೆಯ ಕರಿಹಲಗೆಯಲ್ಲಿ "ಇಂದಿನ ಅನ್ನದಾನ" ಅಂತ ಒಬ್ಬರ ಹೆಸರು. ಮಧ್ಯಾಹ್ನ ಇನ್ನೊಂದು ಮನೆಯವರು ಮೊಮ್ಮಕ್ಕಳ ಜೊತೆ ಬಂದುಬಿಟ್ಟರು. ಆ ಹಿರಿಯರು ಹಲಗೆ ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಮಾರನೆಯ ದಿನ ಐದು ಮನೆಗೂ ಹೋಗಿ ದುಡ್ಡು ವಾಪಸ್ ಕೊಡಲು ನಿಂತೆ. ಇಬ್ಬರು ತೆಗೆದುಕೊಂಡರು. ಈಗ ಒಂದು ದಿನಕ್ಕೆ ಒಂದೇ ಮನೆ. ಉಳಿದವರಿಗೆ ಪಿತೃಪಕ್ಷದೊಳಗೆ ಬೇರೆ ದಿನ ಕೊಡುತ್ತೇನೆ, ಒಪ್ಪುತ್ತಾರೆ.

2023ರಲ್ಲಿ ಶ್ರಾವಣ ಎರಡು ಸಲ ಬಂತು, ಮೊದಲು ಅಧಿಕ, ಆಮೇಲೆ ನಿಜ. ನಾನು ಅಧಿಕಕ್ಕೇ ಫೋನ್ ಮಾಡುತ್ತಾ ಹೋದೆ. ನಾಲ್ಕನೆಯವರು ಗದರಿದರು: "ನಮ್ಮಲ್ಲಿ ನಿಜಕ್ಕೇ ಮಾಡೋದು ಕಣಯ್ಯಾ, ಪಂಚಾಂಗ ನೋಡಕ್ಕೆ ಬರಲ್ವಾ?" ಹಿಂದಿನ ಮೂವರು ಮರ್ಯಾದೆಗೆ ಸುಮ್ಮನಿದ್ದರು ಅಷ್ಟೇ.

ಮಕ್ಕಳಿಂದ ಹುಟ್ಟುಹಬ್ಬದ ವಿಡಿಯೋ ಮಾಡಿಸಿ ಕಳಿಸುವುದನ್ನೂ ಒಂದು ತಿಂಗಳು ನೋಡಿದೆ. ದುಡ್ಡು ಬಂತು. ಆದರೆ ಗೊತ್ತಿಲ್ಲದವರಿಗೆಲ್ಲ ದಿನಾ ಹ್ಯಾಪಿ ಬರ್ತ್‌ಡೇ ಹಾಡಿಸುವುದು ನೋಡಿ ವಾರ್ಡನ್ ಬೈದರು. ನಿಲ್ಲಿಸಿದೆ. ಪೋಸ್ಟ್ ಕಾರ್ಡಿಗೆ ಐವತ್ತೇ ಪೈಸೆ ಅಂತ ಅದರಲ್ಲಿ ನೆನಪಿನ ಪತ್ರ ಬರೆದೆ. ಮನೆಯವರ ಸಾವಿನ ಮಾತು ದಾರಿಯಲ್ಲಿ ಎಲ್ಲರೂ ಓದುವ ಹಾಗಾಯಿತು ಅಂತ ಒಬ್ಬರು ಬೇಸರಪಟ್ಟರು. ಈಗ ಲಕೋಟೆ, ಐದು ರೂಪಾಯಿ ಸ್ಟಾಂಪು, ಒಳಗೆ ಅವತ್ತಿನ ಅಡುಗೆ ಏನು ಅಂತ ಕೈಬರಹದಲ್ಲಿ ನಾಲ್ಕು ಸಾಲು. ಅಡುಗೆಯವರ ಸಹಿಯೂ ಇರುತ್ತದೆ. ಆ ಸಹಿಗೆ ಬರುವಷ್ಟು ಮೆಚ್ಚುಗೆ ನಮ್ಮ ಬಣ್ಣದ ವಾರ್ಷಿಕ ವರದಿಗೆ ಬಂದಿಲ್ಲ.

ಲೆಕ್ಕದ ಕಡೆ ಎರಡು ತಲೆನೋವು. ಹಿರಿಯರು ಕವರಿನಲ್ಲಿ 4,501 ನಗದು ಹಿಡಿದು ಬರುತ್ತಾರೆ. 2,000ದ ಮೇಲೆ ನಗದಿಗೆ ತೆರಿಗೆ ವಿನಾಯಿತಿ ಇಲ್ಲ ಅಂತ ಮೊದಲೇ ಹೇಳಿಬಿಡಬೇಕು. ಇನ್ನೊಂದು, ಮೇ 31ರೊಳಗೆ ತೆರಿಗೆ ಇಲಾಖೆಗೆ ದಾನಿಗಳ ಪಟ್ಟಿ ಹಾಕಲು ಪ್ಯಾನ್ ಕೇಳುವುದು. ತಿಥಿಯ ಮಾತಾಡುವಾಗಲೇ ಪ್ಯಾನ್ ಕೇಳಬೇಡಿ. ನಾನು ಥ್ಯಾಂಕ್ಸ್ ಪತ್ರದ ಜೊತೆ ಕೇಳುತ್ತೇನೆ. ಹೊರದೇಶದ ಮಗ ಕಳಿಸುತ್ತೇನೆ ಅಂದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುತ್ತೇನೆ. ನಮಗೆ ವಿದೇಶಿ ದೇಣಿಗೆ ತೆಗೆದುಕೊಳ್ಳುವ ಎಫ್‌ಸಿಆರ್‌ಎ ಅನುಮತಿ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಆದವರ ದುಡ್ಡು ಮುಟ್ಟುವ ಹಾಗಿಲ್ಲ.

ಹೊಸ ತೆರಿಗೆ ಪದ್ಧತಿ ಬಂದ ಮೇಲೆ ನಮ್ಮ ಮಾರ್ಚ್ ಕಲೆಕ್ಷನ್ ಅರ್ಧಕ್ಕೆ ಬಿತ್ತು. ಅದರಲ್ಲಿ ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲವಲ್ಲ. ತಿಥಿ ಪುಸ್ತಕದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮರುವರ್ಷವೂ ಇದ್ದಾರೆ. ಈ ಲೆಕ್ಕ ಓದಿದ ಖಜಾಂಚಿ ಕನ್ನಡಕ ತೆಗೆದು ಒರೆಸಿಕೊಂಡು "ಮುಂದಿನ ಐಟಂ" ಎಂದರು. ನನ್ನ ಸಂಬಳ ಈಗ 46 ಸಾವಿರ. ಬೆಂಗಳೂರಿನಿಂದ ಎರಡು ಕಡೆ ಕರೆದರು, ಒಂದು ಕಡೆ ಇಂಗ್ಲಿಷಿನಲ್ಲಿ ಪ್ರೆಸೆಂಟೇಶನ್ ಮಾಡಿ ಎಂದರು. ನೋಟ್‌ಬುಕ್ ತರಲಾ ಅಂತ ಕೇಳಿದೆ. ಮತ್ತೆ ಫೋನ್ ಬರಲಿಲ್ಲ.

2026ರಲ್ಲಿ ಅಧಿಕ ಜ್ಯೇಷ್ಠ ಇದೆ. ಒಂಬತ್ತು ಹೆಸರುಗಳ ಪಕ್ಕ ಆಗಲೇ ಕೆಂಪು ಶಾಯಿಯಲ್ಲಿ "ನಿಜ" ಅಂತ ಬರೆದಿಟ್ಟಿದ್ದೇನೆ. ಇಬ್ಬರ ಪಕ್ಕ ಪ್ರಶ್ನೆಚಿಹ್ನೆ ಇದೆ. ಅವರನ್ನು ಯುಗಾದಿ ಕಳೆದ ಮೇಲೆ ಕೇಳಬೇಕು.