ಅಳಿವೆಯ ಕೆಲಸ, ವಿದ್ಯಾರ್ಥಿಗೆ ಕೂಲಿ: ನನ್ನ ಅನುಭವ

ಕುಮಟಾ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಸಸಿ ನೆಟ್ಟು ಅವುಗಳ ಬೆಳವಣಿಗೆಯನ್ನು ದಾಖಲಿಸುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳನ್ನು ಕೂಲಿ ಕೊಟ್ಟೇ ತೊಡಗಿಸಬೇಕೆಂದು ಮೊದಲಿನಿಂದಲೂ ಹಟ ಹಿಡಿದವನು. ಸ್ವಯಂಸೇವೆ ಎಂದು ಕರೆದರೆ ಬರುವವರು ಮನೆಯಲ್ಲಿ ಅನುಕೂಲವಿರುವವರು ಮಾತ್ರ. ಮೀನುಗಾರರ ಮತ್ತು ಕೆಸರಿನಿಂದ ಬಳಚು (ಚಿಪ್ಪುಮೀನು) ತೆಗೆಯುವವರ ಮಕ್ಕಳು ರಜೆ ಸಿಕ್ಕಿದೊಡನೆ ಗೋವೆಯ ಹೋಟೆಲುಗಳಿಗೆ ದುಡಿಯಲು ಹೋಗುತ್ತಾರೆ. ಆದರೆ ಅಳಿವೆಯ ಕೆಸರು ಎಲ್ಲಿ ಗಟ್ಟಿ, ಎಲ್ಲಿ ಕಾಲು ಹೂಳುತ್ತದೆ ಎಂಬುದನ್ನು ಬಲ್ಲವರು ಅವರೇ. 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ, 4801 ಹೆಕ್ಟೇರ್ ವಿಸ್ತಾರದ ಈ ಪ್ರದೇಶವನ್ನು ಅವರನ್ನು ಬಿಟ್ಟು ಕಾಪಾಡುತ್ತೇವೆಂದು ಹೊರಡುವುದು ನನಗೆ ಸರಿ ಕಾಣಲಿಲ್ಲ.

ಹಣದ ದಾರಿ ಕಾನೂನಿನಲ್ಲಿಯೇ ಇತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. 2019ರ ತಿದ್ದುಪಡಿಯಿಂದಾಗಿ, ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ನೆರವಾಗುವ ಸಂಶೋಧನೆ ನಡೆಸುವ ಸರ್ಕಾರಿ ಅನುದಾನಿತ ವಿಶ್ವವಿದ್ಯಾಲಯಗಳಿಗೂ ಈ ಹಣ ಸಲ್ಲಬಹುದು. ಆದ್ದರಿಂದ ನಾವು ವಿಶ್ವವಿದ್ಯಾಲಯದ ಮೂಲಕವೇ, ಸಸಿ ನೆಡುವುದರ ಜೊತೆಗೆ ನೀರಿನ ಲವಣಾಂಶ ಅಳೆಯುವುದನ್ನೂ ಉಳಿದ ಸಸಿಗಳ ಎಣಿಕೆಯನ್ನೂ ಸೇರಿಸಿ ಸಂಶೋಧನಾ ಪ್ರಸ್ತಾವವೊಂದನ್ನು ಕಳಿಸಿದೆವು. ಕಂಪನಿಯ ಕಡೆಯವರು ವಿದ್ಯಾರ್ಥಿಗಳ ಕೂಲಿಯನ್ನು ‘ಇತರೆ ವೆಚ್ಚ’ದಲ್ಲಿ ಅಡಗಿಸಿಡಲು ಸೂಚಿಸಿದರು. ನಾನು ಒಪ್ಪಲಿಲ್ಲ. ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಇತರೆ ವೆಚ್ಚಕ್ಕೆ. ಆದಕಾರಣ ಕೂಲಿ ಪ್ರತ್ಯೇಕ ಶೀರ್ಷಿಕೆಯಲ್ಲಿಯೇ ಇರಬೇಕು, ದರವೂ ಉದ್ಯೋಗ ಖಾತರಿಯ ದಿನಗೂಲಿಗಿಂತ ಕಡಿಮೆಯಾಗಬಾರದು ಎಂದು ಪಟ್ಟು ಹಿಡಿದೆ. 2024-25ರಲ್ಲಿ ಕರ್ನಾಟಕದಲ್ಲಿ ಆ ದರ 349 ರೂಪಾಯಿ ಇತ್ತು.

ಅರಣ್ಯ ಇಲಾಖೆಯ ಅನುಮತಿ ಪಡೆದು ಮಳೆಗಾಲದಲ್ಲಿ ಕೆಲಸ ಶುರುವಾಯಿತು. ನಾವು ನೆಟ್ಟ ಜಾತಿಯ ಕಾಂಡ್ಲಾದ ಬೀಜ ಮರದಲ್ಲಿಯೇ ಮೊಳೆತು ನುಗ್ಗೆಕಾಯಿಯಂತೆ ಜೋತುಬೀಳುತ್ತದೆ. ಮಕ್ಕಳು ಬಲಿತವನ್ನು ಮಾತ್ರ ಆರಿಸಿ, ಅಳಿವೆಯ ಕೆಸರು ತುಂಬಿದ ಚೀಲಗಳಲ್ಲಿ ನೆಟ್ಟಗೆ ಊರುತ್ತಿದ್ದರು. ನೀರು ಇಳಿಯುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಾಲೇಜಿನ ವೇಳಾಪಟ್ಟಿಗೆ ಈ ಕೆಲಸ ಹೊಂದುವುದೇ ಇಲ್ಲ. ಹಾಗಾಗಿ ಹಾಜರಿ ಪುಸ್ತಕವನ್ನು ಇಳಿತದ ಲೆಕ್ಕದಲ್ಲಿ ಬರೆದೆವು, ತಪ್ಪಿದ ಪಾಠಗಳನ್ನು ಸಂಜೆ ತೆಗೆದುಕೊಂಡೆವು.

ನಿಜವಾದ ತೊಡಕು ಇದ್ದದ್ದು ಕಂತುಗಳಲ್ಲಿ. ಮೊದಲ ಕಂತಿನ ಹಣ ಖರ್ಚಾದದ್ದನ್ನು ತೋರಿಸುವ ಬಳಕೆ ಪ್ರಮಾಣಪತ್ರ ಸಲ್ಲಿಸದೆ ಎರಡನೆಯದು ಬಿಡುಗಡೆಯಾಗುವುದಿಲ್ಲ, ಕಡತವೋ ಅರಬೈಲ್ ಘಟ್ಟ ಹತ್ತಿ ವಿಶ್ವವಿದ್ಯಾಲಯವಿರುವ ಧಾರವಾಡಕ್ಕೆ ಹೋಗಿ ಬರಬೇಕು. ಅಲ್ಲಿಯತನಕ ಕಾಯಿರಿ ಎಂದು ಬಸ್ಸಿನ ದುಡ್ಡಿಗೂ ಪರದಾಡುವ ಹುಡುಗಿಗೆ ಹೇಳುವುದು ನನ್ನಿಂದಾಗದ ಮಾತು. ಮುಂಬಯಿಯಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಂಡು ಒಂದು ಆವರ್ತ ನಿಧಿ ಕಟ್ಟಿದೆವು. ತಿಂಗಳ ಕೊನೆಗೆ ಅದರಿಂದ ಕೂಲಿ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ, ಕಂತು ಬಂದಾಗ ನಿಧಿಗೆ ಮರಳುತ್ತದೆ. ಬೇರೆ ಕಾಲೇಜಿನವರು ಈ ಕೆಲಸಕ್ಕೆ ಕೈ ಹಾಕುವುದಾದರೆ ಸಸಿಗಿಂತ ಮೊದಲು ಈ ನಿಧಿಯನ್ನು ಮಾಡಿಕೊಳ್ಳಲಿ ಎಂಬುದು ನನ್ನ ಬಲವಾದ ಸಲಹೆ.

ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಿಂದ ತಿಂಗಳಿಗೆ 3000 ರೂಪಾಯಿ ಸಿಗುತ್ತದೆ. ಅದು ಬೇಕು. ಆದರೆ ಓದು ಬಿಟ್ಟುಹೋಗುವ ಅಪಾಯವಿರುವುದು ಪದವಿಯ ನಡುವೆ, ಆಗ ಕೈಗೆ ಬಂದ ಹಣವೇ ವಿದ್ಯಾರ್ಥಿಯನ್ನು ತರಗತಿಯಲ್ಲಿ ಉಳಿಸುತ್ತದೆ. ನಮ್ಮಲ್ಲಿ ಸಸಿಗಳ ಲೆಕ್ಕ ಬರೆದವರಲ್ಲಿ ಕೆಲವರು ಶಿರಸಿಯ ಅರಣ್ಯ ಮಹಾವಿದ್ಯಾಲಯಕ್ಕೂ ಕಾರವಾರದ ಕಡಲ ಜೀವಶಾಸ್ತ್ರ ವಿಭಾಗಕ್ಕೂ ಹೋಗುವ ಸಿದ್ಧತೆ ನಡೆಸಿದ್ದಾರೆ. ಈ ಸಲದ ಪ್ರಸ್ತಾವದಲ್ಲಿ, ಮಕ್ಕಳಿಗೆ ಅಳಿವೆಯಲ್ಲಿ ನಡೆಯುವುದನ್ನು ಕಲಿಸುವ ಬಳಚು ತೆಗೆಯುವ ಹೆಂಗಸರಿಗೂ ಸಂಭಾವನೆಯ ಶೀರ್ಷಿಕೆಯೊಂದನ್ನು ಸೇರಿಸಿದ್ದೇವೆ.